ಜೀವಕೋಶದ ಒಳಗೆ ಪೊಟ್ಯಾಸಿಯಂ, ಹೊರಗೆ ಸೋಡಿಯಂ: ಹೀಗೇಕೆ?

ಪ್ರಶ್ನೆ: ಮೇಡಂ, ಅಪ್ಪನ ರಕ್ತ ಪರೀಕ್ಷೆಯಲ್ಲಿ ಸೋಡಿಯಂ 138, ಪೊಟ್ಯಾಸಿಯಂ 4.2 ಅಂತ ಬಂದಿದೆ. ಮಗಳ ಪಿಯುಸಿ ಪುಸ್ತಕ ನೋಡಿದರೆ ಜೀವಕೋಶದಲ್ಲಿ ಪೊಟ್ಯಾಸಿಯಮ್ಮೇ ಜಾಸ್ತಿ ಅನ್ನುತ್ತದೆ. ಜೀವ ಹುಟ್ಟಿದ್ದು ಸಮುದ್ರದಲ್ಲಿ ಅಲ್ವಾ? ಹಾಗಿದ್ದರೆ ಕೋಶದೊಳಗೂ ಸಮುದ್ರದ ಉಪ್ಪೇ ಇರಬೇಕಿತ್ತಲ್ಲ?

ಉತ್ತರ (ಶರೀರಕ್ರಿಯಾಶಾಸ್ತ್ರದ ಅಧ್ಯಾಪಕಿ): ಎರಡೂ ಸರಿ ಸರ್. ವರದಿಯಲ್ಲಿರುವುದು ಕೋಶಗಳ ಹೊರಗಿನ ದ್ರವದ ಲೆಕ್ಕ, ಲೀಟರಿಗೆ ಇಷ್ಟು ಮಿಲಿಮೋಲ್ ಅಂತ. ಒಳಗೆ ಹೋದರೆ ಲೆಕ್ಕ ತಿರುಗುಮುರುಗು: ಪೊಟ್ಯಾಸಿಯಂ ಸುಮಾರು 140, ಸೋಡಿಯಂ 10ರಿಂದ 15. ಸಮುದ್ರದ ನೀರಿನಲ್ಲಿ ಸೋಡಿಯಂ ಸುಮಾರು 470, ಪೊಟ್ಯಾಸಿಯಂ ಬರೀ 10. ಅಂದರೆ ಸಮುದ್ರವನ್ನು ಹೋಲುವುದು ರಕ್ತ, ಕೋಶದ ಒಳಭಾಗ ಅಲ್ಲ. ಕೆನಡಾದ ಆರ್ಚಿಬಾಲ್ಡ್ ಮ್ಯಾಕಲಮ್ 1926ರಲ್ಲೇ ಈ ವ್ಯತ್ಯಾಸವನ್ನು ಹಿಡಿದುಕೊಂಡು, ಕೋಶದೊಳಗಿನ ಉಪ್ಪುಗಳ ಪ್ರಮಾಣ ರಕ್ತದ್ದಕ್ಕಿಂತಲೂ ಹಳೆಯ ಕಾಲದ ಗುರುತು ಎಂದು ವಾದಿಸಿದ್ದರು.

ಈ ವ್ಯತ್ಯಾಸ ತಾನಾಗಿ ಉಳಿಯುವುದಿಲ್ಲ. ಕೋಶದ ಪೊರೆ ಸೋರುತ್ತಲೇ ಇರುತ್ತದೆ. ತಳ ತೂತಾದ ದೋಣಿಯಿಂದ ನೀರು ಮೊಗೆದು ಹಾಕಿದ ಹಾಗೆ, ಪೊರೆಯಲ್ಲಿರುವ ಒಂದು ಪಂಪ್ ಬಿಡುವಿಲ್ಲದೆ ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳತರುತ್ತದೆ. ಪ್ರತಿ ಸುತ್ತಿಗೂ ಒಂದು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣು, ಖರ್ಚು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿ ಕಾಲಿನ ನರಗಳನ್ನು ಅರೆದು ಇದನ್ನು ಕಂಡುಹಿಡಿದರು. ಪ್ರಕಟಿಸಿದ್ದು 1957ರಲ್ಲಿ, ನೊಬೆಲ್ ಬಂದಿದ್ದು 1997ರಲ್ಲಿ. ನಾವು ಸುಮ್ನೆ ಕೂತಿದ್ದಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಈ ಪಂಪಿಗೇ ಹೋಗುತ್ತದೆ.

ಪ್ರಶ್ನೆ: ಇಷ್ಟು ಶಕ್ತಿ ಯಾಕೆ ಸುರಿಯಬೇಕು ಮೇಡಂ? ಸೋಡಿಯಮ್ಮನ್ನೇ ಒಳಗೆ ಬಿಟ್ಟುಕೊಂಡು ಬದುಕಬಹುದಿತ್ತಲ್ಲ?

ಉತ್ತರ: ಕೋಶದ ಅತ್ಯಂತ ಹಳೆಯ ಯಂತ್ರಗಳು ಅದಕ್ಕೆ ಒಪ್ಪುವುದಿಲ್ಲ. ಪ್ರೋಟೀನ್ ಕಟ್ಟುವ ರೈಬೋಸೋಮ್ ಸರಿಯಾಗಿ ನಡೆಯಲು ಪೊಟ್ಯಾಸಿಯಂ ಬೇಕು. ಆ ಜಾಗದಲ್ಲಿ ಸೋಡಿಯಂ ತುಂಬಿದರೆ ಕೆಲಸ ಕೆಡುತ್ತದೆ. ಸೋಡಿಯಂ ಚಿಕ್ಕದು, ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಪೊಟ್ಯಾಸಿಯಂ ಹಿಡಿತ ಸಡಿಲ. ಬ್ಯಾಕ್ಟೀರಿಯಾ, ಬೇವಿನ ಎಲೆ, ನಮ್ಮ ಸ್ನಾಯು, ಎಲ್ಲದರ ಕೋಶದೊಳಗೂ ಪೊಟ್ಯಾಸಿಯಮ್ಮೇ ಮುಂದು. ಉಪ್ಪಿನ ಆಗರದಂಥ ಕಡು ಉಪ್ಪು ನೀರಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೂಡ ಒಳಗೆ ಪೊಟ್ಯಾಸಿಯಮ್ಮನ್ನೇ ರಾಶಿ ಹಾಕಿಕೊಳ್ಳುತ್ತವೆ. ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಅನಿಸುವುದು ಇದೇ.

ಪ್ರಾಣಿಕೋಶಕ್ಕೆ ಇನ್ನೊಂದು ಕಾರಣವೂ ಇದೆ. ಸಸ್ಯಗಳಿಗಿರುವಂತೆ ಅದಕ್ಕೆ ಗಟ್ಟಿ ಗೋಡೆ ಇಲ್ಲ. ಪಂಪ್ ನಿಂತರೆ ಸೋಡಿಯಂ ನುಗ್ಗುತ್ತದೆ, ಹಿಂದೆಯೇ ನೀರೂ ಬರುತ್ತದೆ, ಕೋಶ ಉಬ್ಬಿ ಒಡೆಯುತ್ತದೆ.

ಪ್ರಶ್ನೆ: ಹಾಗಾದರೆ ಮೊದಲ ಕೋಶ ಹುಟ್ಟಿದ್ದೆಲ್ಲಿ?

ಉತ್ತರ: ಜಗಳ ಇರುವುದು ಇಲ್ಲೇ. ಮೊದಲ ಕೋಶಗಳಿಗೆ ಇಂಥ ಪಂಪ್ ಇರಲಿಲ್ಲ, ಪೊರೆಯೂ ಸೋರುತ್ತಿತ್ತು, ಹಾಗಾಗಿ ಹೊರಗೆ ಇದ್ದದ್ದೇ ಒಳಗೂ ಇರಬೇಕು ಎಂಬುದು ವಿಜ್ಞಾನಿಗಳಾದ ಆರ್ಮೆನ್ ಮುಲ್ಕಿಡ್ಜಾನಿಯನ್, ಯೂಜಿನ್ ಕೂನಿನ್ ಮತ್ತು ಸಂಗಡಿಗರ ವಾದ. 2012ರಲ್ಲಿ ಅವರು ತೋರಿಸಿದ ಜಾಗ ಸಮುದ್ರವಲ್ಲ, ನೆಲದ ಮೇಲೆ ಬಿಸಿ ಹಬೆ ಏಳುವ ಜ್ವಾಲಾಮುಖಿ ಪ್ರದೇಶ. ಅಲ್ಲಿ ಹಬೆ ತಣಿದು ನಿಂತ ನೀರಿನಲ್ಲಿ ಸೋಡಿಯಮ್ಮಿಗಿಂತ ಪೊಟ್ಯಾಸಿಯಂ ಜಾಸ್ತಿ ಇರಬಹುದು. ಇನ್ನೊಂದು ಕಡೆ, ವಿಜ್ಞಾನಿಗಳಾದ ನಿಕ್ ಲೇನ್, ವಿಲಿಯಂ ಮಾರ್ಟಿನ್ ಅವರ ಕಡೆಯವರು ಸಮುದ್ರದ ತಳದ ಕ್ಷಾರೀಯ ಬಿಸಿ ಬುಗ್ಗೆಗಳನ್ನೇ ನಂಬುತ್ತಾರೆ. ಅವರ ಪ್ರಕಾರ ಅಲ್ಲಿನ ಪ್ರೋಟಾನ್ ವ್ಯತ್ಯಾಸವನ್ನು (ಬುಗ್ಗೆಯ ನೀರಿಗೂ ಸಮುದ್ರದ ನೀರಿಗೂ ಇರುವ ಆಮ್ಲೀಯತೆಯ ಅಂತರವನ್ನು) ಬಳಸಿಕೊಂಡು ಕೋಶಗಳು ಸೋಡಿಯಮ್ಮನ್ನು ಹೊರಹಾಕಲು ಬೇಗ ಕಲಿತವು. ಪೊಟ್ಯಾಸಿಯಂ ಲೆಕ್ಕ ಮಾತ್ರ ನೋಡಿದರೆ ನನಗೆ ಮೊದಲ ವಾದ ಗಟ್ಟಿ ಅನಿಸುತ್ತದೆ. ಆದರೆ ಜೀವದ ಹುಟ್ಟು ಅದೊಂದರಿಂದಲೇ ತೀರ್ಮಾನ ಆಗುವ ವಿಷಯವಲ್ಲ.

ಪ್ರಶ್ನೆ: ಅಪ್ಪನದ್ದೇ ಇನ್ನೊಂದು ಕೇಳಬೇಕು. ಹೋದ ಸಲ ಪೊಟ್ಯಾಸಿಯಂ ತುಂಬಾ ಜಾಸ್ತಿ ಬಂದಿತ್ತು. ಸ್ಯಾಂಪಲ್ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿತ್ತಂತೆ. ಮತ್ತೆ ರಕ್ತ ಕೊಟ್ಟಾಗ 4.2 ಬಂತು.

ಉತ್ತರ: ಅದೇ ಪಂಪಿನ ಕಥೆ ಇರಬಹುದು. ಚಳಿಗೆ ಪಂಪ್ ಮಂದವಾಗುತ್ತದೆ, ರಕ್ತಕಣಗಳ ಒಳಗಿನ ಪೊಟ್ಯಾಸಿಯಂ ಮೆಲ್ಲಗೆ ಸೋರಿ ಹೊರಬರುತ್ತದೆ. ಸೀರಂ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸದೆ ಫ್ರಿಜ್ಜಿನಲ್ಲಿಟ್ಟರೆ ಹೀಗೆ ಸುಳ್ಳು ಏರಿಕೆ ಕಾಣುತ್ತದೆ. ಎರಡೂ ವರದಿಗಳನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಅಪ್ಪನಿಗೆ ಕಿಡ್ನಿ ತೊಂದರೆ ಇದ್ದರೆ ಎಳನೀರು ಕೊಡುವ ಮೊದಲು ಅವರನ್ನು ಕೇಳಿ, ಅದರಲ್ಲಿ ಪೊಟ್ಯಾಸಿಯಂ ಚೆನ್ನಾಗಿಯೇ ಇರುತ್ತದೆ.