ಫುಟ್‌ಪಾತ್ ಅರ್ಜಿ: ಟೇಪ್ ಹಿಡಿದು ಅಳೆದೇ ಬರೆಯೋಣ

ಸುಮಾ: ಗಾಲಿಕುರ್ಚಿಯವರೂ ದೃಷ್ಟಿ ಇಲ್ಲದವರೂ ಓಡಾಡೋ ಹಾಗೆ ನಮ್ಮ ಫುಟ್‌ಪಾತ್ ಮಾಡ್ಕೊಡಿ ಅನ್ನೋ ಅರ್ಜಿ ಭಾನುವಾರದೊಳಗೆ ಸಿದ್ಧ ಆಗ್ಬೇಕು. ಬರೀ “ಫುಟ್‌ಪಾತ್ ಸರಿಮಾಡಿ” ಅಂದ್ರೆ ಹಳೇ ಕಲ್ಲು ಕಿತ್ತು ಹೊಸದು ಹಾಸಿ ಹೋಗ್ತಾರೆ. ಎಲ್ಲಿ, ಏನು ಅಡ್ಡ, ಎಷ್ಟು ಸೆಂ.ಮೀ ಅಂತ ಬರೀಬೇಕು.

ರಾಘವೇಂದ್ರ: ಕಾಂಪೌಂಡಿನಿಂದ ಕರ್ಬ್‌ವರೆಗೆ, ಅಂದ್ರೆ ರಸ್ತೆ ಪಕ್ಕದ ಅಂಚುಕಲ್ಲಿನವರೆಗೆ, ಟೇಪ್ ಹಿಡೀಬೇಡಿ. ಕಂಬ, ಮರದ ಬುಡ, ಕೇಬಲ್ ಡಬ್ಬಿ ಬಿಟ್ಟು ಉಳಿಯೋ ಅಗಲ ಅಳೀರಿ. ಒಂದು ಗಾಲಿಕುರ್ಚಿಗೆ ಕನಿಷ್ಠ 90 ಸೆಂ.ಮೀ, ಎದುರುಬದುರು ಎರಡು ದಾಟೋಕೆ 180 ಬೇಕು. 2 ಮೀಟರ್ ಫುಟ್‌ಪಾತಿನ ನಟ್ಟನಡುವೆ 30 ಸೆಂ.ಮೀ ದಪ್ಪದ ಕಂಬ ಇದ್ರೆ ಆಚೆ ಈಚೆ ಉಳಿಯೋದು 85. ನಕ್ಷೆಯಲ್ಲಿ ಮಾತ್ರ 2 ಮೀಟರ್!

ಇಕ್ಬಾಲ್: ಅದಕ್ಕಿಂತ ದೊಡ್ಡ ತಲೆನೋವು ಗೇಟುಗಳು. ಕಾರು ಹತ್ತಿಸೋಕೆ ಫುಟ್‌ಪಾತ್ ಪೂರ್ತಿ ಅಗಲಕ್ಕೂ ಇಳಿಜಾರು ಮಾಡಿರ್ತಾರೆ. ಅಡ್ಡ ಇಳಿಜಾರು, ಅಂದ್ರೆ ಕಾಂಪೌಂಡಿನಿಂದ ರಸ್ತೆ ಕಡೆಗಿನ ವಾಟ, ಮೀಟರಿಗೆ 2 ಸೆಂ.ಮೀ ದಾಟಿದ್ರೆ ಗಾಲಿಕುರ್ಚಿ ರಸ್ತೆ ಕಡೆಗೇ ಎಳೆಯುತ್ತೆ. ಒಂದು ಕೈಲಿ ಗಾಲಿ ಹಿಡಿದು ಇನ್ನೊಂದ್ರಲ್ಲಿ ತಳ್ತಾ ಇರ್ಬೇಕು. ನಡೆಯೋ ಭಾಗದ ಮಟ್ಟ ಮುಟ್ಟಬಾರದು, ಇಳಿಜಾರು ಕರ್ಬ್ ಪಕ್ಕದ 60 ಸೆಂ.ಮೀ ಪಟ್ಟಿಯಲ್ಲೇ ಮುಗೀಬೇಕು ಅಂತ ಬರೀರಿ. ಅರ್ಜಿಯಲ್ಲಿ ಒಂದೇ ಒಂದು ಬೇಡಿಕೆ ಇಡೋದಾದ್ರೆ ನಾನು ಇದನ್ನೇ ಇಡ್ತೀನಿ.

ಶಾಂತಾ: ಹಾಗೆ ಮಾಡಿದ್ರೆ ಕಾರಿನ ತಳ ತಾಗಲ್ವಾ?

ಇಕ್ಬಾಲ್: ಕರ್ಬ್ 15 ಸೆಂ.ಮೀ ಒಳಗಿದ್ರೆ ನಿಧಾನಕ್ಕೆ ಹತ್ತಿಸ್ಬಹುದು ಮೇಡಂ. ಚರಂಡಿ ಮೇಲೆ ಚಪ್ಪಡಿ ಕೂರಿಸಿ 25–30 ಮಾಡಿರೋ ಕಡೆ ತಾಗುತ್ತೆ. ಅಲ್ಲಿ ಮೊದಲು ಎತ್ತರ ಇಳಿಸಿ ಅಂತ ಕೇಳ್ಬೇಕು.

ರಾಘವೇಂದ್ರ: ಮೂಲೆಗಳ ರ‍್ಯಾಂಪ್ 1:12 ಇರ್ಲಿ. 15 ಸೆಂ.ಮೀ ಎತ್ತರಕ್ಕೆ 1.8 ಮೀಟರ್ ಉದ್ದ ಆಗುತ್ತೆ. ಕಾಂಟ್ರಾಕ್ಟರ್ ಅದನ್ನ ಮುಕ್ಕಾಲು ಮೀಟರಿನಲ್ಲಿ ಮುಗಿಸಿದ್ರೆ ಹತ್ತೋವಾಗ ಕುರ್ಚಿ ಹಿಂದಕ್ಕೆ ಮಗುಚುತ್ತೆ. ಕೆಳತುದಿ ಡಾಂಬರಿಗೆ ಸಮ ಇರ್ಬೇಕು, 2 ಸೆಂ.ಮೀ ಅಂಚು ಉಳಿದ್ರೂ ಮುಂದಿನ ಚಿಕ್ಕ ಗಾಲಿ ಸಿಕ್ಕಿ ಕೂತವರು ಮುಗ್ಗರಿಸ್ತಾರೆ. ಆದ್ರೆ ಸಮ ಮಾಡಿದ್ರೆ ದೃಷ್ಟಿ ಇಲ್ಲದವರಿಗೆ ರಸ್ತೆ ಶುರುವಾಗಿದ್ದೇ ಗೊತ್ತಾಗಲ್ಲ. ಅದಕ್ಕೆ ಅಂಚಿನಲ್ಲಿ ಗುಬುಟು ಇರೋ ಟೈಲ್ಸ್ ಬೇಕೇ ಬೇಕು. ಉದ್ದ ಗೆರೆ ಇರೋದು ದಾರಿ ತೋರ್ಸೋಕೆ, ಗುಬುಟು “ನಿಲ್ಲಿ” ಅನ್ನೋಕೆ. ಹಾಕೋರು ಇದನ್ನ ಅದಲುಬದಲು ಮಾಡ್ತಾರೆ, ಮೈಮೇಲೆ ಎಚ್ಚರ ಇರ್ಲಿ.

ಸುಮಾ: ಬೈಕ್ ನುಗ್ಗದ ಹಾಗೆ ಗಿಡ್ಡ ಕಂಬಗಳನ್ನ ಹತ್ತಿರ ಹತ್ತಿರ ನೆಡ್ಸೋಣ್ವಾ?

ಇಕ್ಬಾಲ್: ಬೇಡ. ಬೈಕಿನ ಹ್ಯಾಂಡಲ್ ಹೆಚ್ಚುಕಮ್ಮಿ 80 ಸೆಂ.ಮೀ, ಗಾಲಿಕುರ್ಚಿಗೆ ಬೇಕಾಗಿದ್ದು 90. ಕುರ್ಚಿ ಬಿಟ್ಟು ಬೈಕ್ ಮಾತ್ರ ತಡೆಯೋ ಅಂತರ ಇಲ್ವೇ ಇಲ್ಲ. ಕಾರು ತಡೆಯೋಕೆ 1.2 ಮೀಟರ್ ಬಿಟ್ಟು ನೆಟ್ರೆ ಸಾಕು. ಬೈಕಿಗೆ ದಂಡವೇ ಮದ್ದು.

ಸುಮಾ: ಸರಿ. ಪ್ರತಿ ಫೋಟೋದಲ್ಲೂ ಟೇಪಿನ ಅಂಕಿ ಕಾಣ್ಬೇಕು, ಹಿಂದೆ ಗೇಟ್ ನಂಬರ್ ಇರ್ಲಿ.

ಶಾಂತಾ: ಚರಂಡಿ ಜಾಲರಿನೂ ಸೇರ್ಸಿ. ಸೀಳು 12 ಮಿ.ಮೀ ದಾಟಬಾರದು, ನಡೆಯೋ ದಿಕ್ಕಿಗೆ ಅಡ್ಡ ಇರ್ಬೇಕು. ನಮ್ಮ ಗೇಟ್ ಎದುರಿನದು ಉದ್ದಕ್ಕಿದೆ.