ಗೊಂಬೆಯಾಟದಿಂದ ಮೊದಲ ಕಾದಂಬರಿ: ಎಲ್ಲಿಂದ ತೊಡಗಲಿ?

ಪ್ರಶ್ನೆ, ಡೊಂಬಿವಲಿಯಿಂದ

ಹುಟ್ಟಿ ಬೆಳೆದದ್ದು ಇಲ್ಲೇ, ಹಿರಿಯರ ಊರು ಕುಂದಾಪುರದ ಕಡೆ. ಕಳೆದ ರಜೆಯಲ್ಲಿ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನ ಗೊಂಬೆಯಾಟ ನೋಡಿದೆ. ಅಂದಿನಿಂದ ಗೊಂಬೆಯಾಡಿಸುವವರನ್ನು ಕುರಿತು ಕಾದಂಬರಿ ಬರೆಯಬೇಕೆಂಬ ಆಸೆ ಬಿಡುತ್ತಿಲ್ಲ. ಸಣ್ಣಕಥೆಗಳನ್ನು ಬರೆದು ಅಭ್ಯಾಸವಿದೆ, ಕಾದಂಬರಿ ಇದೇ ಮೊದಲು. ಬರೆಯಲು ಕುಳಿತರೆ ಸೂತ್ರಧಾರ, ವಿಧಿ, ವಿಧಿಯ ಕೈಗೊಂಬೆಯಾದ ಮನುಷ್ಯ ಎಂಬುದರ ಆಚೆ ಏನೂ ಹೊಳೆಯುವುದಿಲ್ಲ. ಕಚೇರಿ, ಲೋಕಲ್ ರೈಲಿನ ಓಡಾಟದ ನಡುವೆ ಇಂಥ ಬರವಣಿಗೆಯನ್ನು ಹೇಗೆ ತೊಡಗಬೇಕು? ಸಾಂಪ್ರದಾಯಿಕ ಕಲೆಗಳ ಬಗ್ಗೆ ಬರೆದವರು, ಅವುಗಳೊಳಗೆ ಇರುವವರು ತಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ಪುಣೆಯಿಂದ

ವಿಧಿಯನ್ನು ಸದ್ಯಕ್ಕೆ ಬದಿಗಿಡಿ, ತಂಗಿ. ಗೊಂಬೆಯನ್ನು ಕಂಡೊಡನೆ ವಿಧಿ ನೆನಪಾಗುವುದು ಮುಂದೆ ಕುಳಿತವರಿಗೆ. ಪರದೆಯ ಹಿಂದೆ ನಿಂತವರಿಗೆ ನೆನಪಾಗುವುದು ತೋಳಿನ ಸೆಳೆತ, ಸಿಕ್ಕುಬಿದ್ದ ದಾರ, ಆಟಕ್ಕೆ ಕರೆದವರು ಹೇಳಿದ ಹಣ ಕೊಡುತ್ತಾರೋ ಇಲ್ಲವೋ ಎಂಬ ಆತಂಕ. ಯಕ್ಷಗಾನದ ಗೊಂಬೆಗೆ ಭುಜ, ಮೊಣಕೈ, ಸೊಂಟ, ಮಂಡಿಗಳಲ್ಲಿ ಕೀಲುಗಳಿರುತ್ತವೆ. ಐದರಿಂದ ಏಳು ದಾರಗಳಲ್ಲಿ ಅದು ಕುಣಿಯಬೇಕು, ಕೋಪಗೊಳ್ಳಬೇಕು, ನಾಚಬೇಕು. ಅಷ್ಟನ್ನು ಕಲಿಯಲು ಒಬ್ಬ ಹುಡುಗ ಏನೇನು ಬಿಟ್ಟಿರುತ್ತಾನೆ? ಗೊಂಬೆಯ ತಲೆ ಕೆತ್ತಿದವರು ಯಾರು? ಅದರ ಸೀರೆಗೆ ಅಂಚು ಹೊಲಿದ ಹೆಂಗಸು ಯಾರು, ಆಟದ ರಾತ್ರಿ ಅವಳು ಎಲ್ಲಿರುತ್ತಾಳೆ? ನಿಮ್ಮ ಕಾದಂಬರಿ ಇರುವುದು ಈ ಪ್ರಶ್ನೆಗಳಲ್ಲಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ನನ್ನ ಮೊದಲ ಕಾದಂಬರಿಗೆ ದಾರಿ ಸಿಕ್ಕಿದ್ದು ಪಿಂಗುಳಿಯಲ್ಲಿ. ಸಿಂಧುದುರ್ಗ ಜಿಲ್ಲೆಯ ಕುಡಾಳದ ಪಕ್ಕದ ಹಳ್ಳಿ ಅದು. ಸೂತ್ರದ ಗೊಂಬೆ, ತೊಗಲುಗೊಂಬೆ, ಚಿತ್ರ ತೋರಿಸುತ್ತ ಕಥೆ ಹೇಳುವ ಚಿತ್ರಕಥಿ, ಈ ಮೂರನ್ನೂ ಅಲ್ಲಿನ ಠಾಕರ ಸಮುದಾಯದವರು ಉಳಿಸಿಕೊಂಡು ಬಂದಿದ್ದಾರೆ. ಹಿಂದೆ ಸಾವಂತವಾಡಿಯ ಅರಸರ ಆಶ್ರಯವಿತ್ತು. ಆಶ್ರಯ ಹೋದ ಮೇಲೂ ಕಲೆ ಉಳಿದದ್ದು ಮನೆಮಂದಿಯ ಹಟದಿಂದ. ಅಲ್ಲಿನ ಕಲಾವಿದ ಪರಶುರಾಮ ಗಂಗಾವಣೆಯವರು ದನದ ಕೊಟ್ಟಿಗೆಯನ್ನೇ ವಸ್ತುಸಂಗ್ರಹಾಲಯವಾಗಿ ಮಾಡಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾನು ನನ್ನ ಮನೆಯವರಿಗೇ ಬಂದಷ್ಟು ಸಂತೋಷಪಟ್ಟೆ.

ಚಿತ್ರಕಥಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಕಾದಂಬರಿ ಬರೆಯುವವರಿಗೆ ಅದು ತುಂಬ ಕೊಡುತ್ತದೆ. ಕಾಗದದ ಮೇಲೆ ಬರೆದ ಚಿತ್ರಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ಒಂದು ಕಥೆಯ ಹಾಳೆಗಳೆಲ್ಲ ಸೇರಿ ಒಂದು ಕಟ್ಟು, ಅದೇ ಪೋಥಿ. ಕಥೆಗಾರರು ಒಂದು ಚಿತ್ರವನ್ನು ಎತ್ತಿ ಹಿಡಿದು ಹಾಡುತ್ತಾರೆ, ಮಾತಿನಲ್ಲಿ ಬಿಡಿಸುತ್ತಾರೆ, ಆಮೇಲೆ ಹಾಳೆ ತಿರುಗುತ್ತದೆ. ಚಿತ್ರದಲ್ಲಿ ಇರುವುದು ಒಂದೇ ಕ್ಷಣ. ದೊಡ್ಡ ಕಣ್ಣುಗಳ ಇಬ್ಬರು ಎದುರುಬದುರು ನಿಂತಿರುತ್ತಾರೆ, ಅಷ್ಟೇ. ಹಿಂದಿನ ಚಿತ್ರದಿಂದ ಇಲ್ಲಿಯವರೆಗೆ ನಡೆದದ್ದರಲ್ಲಿ ಎಷ್ಟು ಹೇಳಬೇಕು, ಎಷ್ಟನ್ನು ಕೇಳುವವರಿಗೆ ಬಿಡಬೇಕು ಎಂಬುದು ಹೇಳುವವರ ವಿವೇಕ. ಕೇಳುಗರು ಒಂದು ಚಿತ್ರಕ್ಕೆ ಸೋತರೆ ಕಥೆಗಾರರು ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಇದನ್ನು ನೋಡಿದ ಮೇಲೆ ನನ್ನ ಹಸ್ತಪ್ರತಿಯ ಗಂಟು ತಾನಾಗಿ ಬಿಚ್ಚಿತು. ಮೂರು ತಲೆಮಾರಿನ ಕಥೆಯನ್ನು ವರ್ಷ ವರ್ಷವೂ ಹೇಳಿಕೊಂಡು ಹೋಗುವ ಬದಲು, ಅಧ್ಯಾಯಕ್ಕೊಂದು ಸನ್ನಿವೇಶವನ್ನು ನಿಲ್ಲಿಸಿದೆ. ಮದುವೆ, ಸಾವು, ಊರು ಬಿಟ್ಟದ್ದು ಎಲ್ಲವೂ ಎರಡು ಅಧ್ಯಾಯಗಳ ನಡುವೆ ನಡೆದುಹೋಗುತ್ತವೆ. ಓದಿದವರು ಮೆಚ್ಚಿದ್ದು ಆ ಬಿಟ್ಟ ಜಾಗಗಳನ್ನೇ.

ರಾತ್ರಿ ಮುಂಬಯಿಯಲ್ಲಿ ಕೊಂಕಣಕನ್ಯಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕುಡಾಳ. ಅದಕ್ಕೂ ಮೊದಲು ಪುಣೆಗೆ ಬಂದು ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಚಿತ್ರಕಥಿ ಹಾಳೆಗಳನ್ನು ನೋಡಿಕೊಂಡು ಹೋಗಿ. ಕೋಣೆ ಕೋಣೆಯಲ್ಲೂ ನಿಲ್ಲಬೇಕೆನಿಸುವ ಜಾಗ ಅದು, ಇಡೀ ದಿನ ಇಟ್ಟುಕೊಳ್ಳಿ.

ಠಾಣೆಯಿಂದ

ನಾನು ಹವ್ಯಾಸಿ ತಂಡದಲ್ಲಿ ವೇಷ ಮಾಡುವವನು, ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವನು. ಪುಣೆಯ ಅಕ್ಕನವರ ಮಾತಿಗೆ ಎರಡು ಸೇರಿಸುತ್ತೇನೆ.

ಯಕ್ಷಗಾನದ ಪದ್ಯ ಪ್ರಸಂಗದಲ್ಲಿ, ಅಂದರೆ ಆಟದ ಕೃತಿಯಲ್ಲಿ, ಬರೆದಿಟ್ಟದ್ದು. ಭಾಗವತರು ಅದನ್ನು ಹಾಡುತ್ತಾರೆ. ಮಾತು ಮಾತ್ರ ಆ ರಾತ್ರಿ ಆಡುವವರದ್ದು. ಕರ್ಣ ಸಾಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿದೆ, ಆದರೂ ಸಾಯುವ ಮೊದಲು ಏನು ಹೇಳಿಯಾನು ಎಂದು ಜನ ಕಾದು ಕುಳಿತಿರುತ್ತಾರೆ. ಮುಂದೇನು ಎಂಬ ಕುತೂಹಲ ಒಂದನ್ನೇ ನಂಬಿ ಕಾದಂಬರಿ ಕಟ್ಟಬೇಕಿಲ್ಲ ಎಂದು ನನಗೆ ಕಲಿಸಿದ್ದು ಇದು. ಘಟನೆಗಳನ್ನು ಮೊದಲೇ ಗಟ್ಟಿಯಾಗಿ ನಿಲ್ಲಿಸಿಕೊಳ್ಳಿ, ಪಾತ್ರಗಳ ಬಾಯಿಯನ್ನು ಬಿಟ್ಟುಬಿಡಿ. ಒಂದು ಎಚ್ಚರಿಕೆ: ರಂಗದ ಮೇಲೆ ಕೀಚಕವಧೆ, ಮನೆಯೊಳಗೂ ಒಬ್ಬ ಕೀಚಕ ಎಂಬಂಥ ಜೋಡಣೆ ಬೇಡ. ಪ್ರಸಂಗ ಗೊತ್ತಿದ್ದ ಓದುಗರು ಅದನ್ನು ಹತ್ತನೆಯ ಪುಟದಲ್ಲೇ ಹಿಡಿಯುತ್ತಾರೆ.

ಇನ್ನೊಂದು, ಇದಂತೂ ಮುಂಬಯಿ ಕನ್ನಡಿಗರಾದ ನಮಗೇ ಎಂದು ಎತ್ತಿಟ್ಟಂತಿರುವ ವಸ್ತು. 1842ರಲ್ಲಿ ಹೊನ್ನಾವರದ ಕರ್ಕಿಯ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಅಲ್ಲಿನ ಅರಸರು ಮರಾಠಿಯಲ್ಲೂ ಅಂಥದ್ದು ಆಗಬೇಕೆಂದು ಬಯಸಿದರು. ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದ ಎಣಿಸುತ್ತದೆ. ಅದೇ ಭಾವೆಯವರಿಗೆ ಮರದ ಗೊಂಬೆ ಮಾಡುವ ಕೈಚಳಕವೂ ಇತ್ತು. ಅವರ ಗೊಂಬೆಗಳಿಗೆ ನಮ್ಮ ಕಾಲದಲ್ಲಿ ಮತ್ತೆ ಜೀವ ಕೊಟ್ಟವರು ಮುಂಬಯಿಯ ರಾಮದಾಸ ಪಾಧ್ಯೆ. ಭಾಷೆ ಬಾರದ ಊರಿನಲ್ಲಿ ಆಟಕ್ಕೆ ನಿಂತ ಕರ್ಕಿಯ ಆ ಕಲಾವಿದರ ಮನಸ್ಸಿನಲ್ಲಿ ಏನಿತ್ತು? ನೀವು ಬರೆಯದಿದ್ದರೆ ಇನ್ಯಾರಾದರೂ ಬರೆಯಲಿ, ಆದರೆ ಅದನ್ನು ಯಾರಾದರೂ ಬರೆಯಲೇಬೇಕು.

ಗೋವಾದ ವಾಸ್ಕೊದಿಂದ

ಎಲ್ಲರೂ ಕರಾವಳಿಯನ್ನೇ ಹೇಳಿದಿರಿ. ನಾನು ಕೊಪ್ಪಳ ಜಿಲ್ಲೆಯವನು, ನಮ್ಮ ಕಡೆಯದು ತೊಗಲುಗೊಂಬೆ. ಅದನ್ನು ಆಡಿಸುವ ಶಿಳ್ಳೇಕ್ಯಾತರು ಮನೆಯೊಳಗೆ ಮರಾಠಿಗೆ ಹತ್ತಿರದ ಮಾತು ಆಡುತ್ತಾರೆ, ಪರದೆಯ ಹಿಂದೆ ಕನ್ನಡದಲ್ಲಿ ರಾಮಾಯಣ ಹಾಡುತ್ತಾರೆ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಅಥವಾ ಕೊಂಕಣಿ ಎಂದು ಬದುಕುತ್ತಿರುವ ನಾವು ಅವರನ್ನು ಸುಲಭವಾಗಿ ಅರಿಯಬಲ್ಲೆವು. ಕಾದಂಬರಿಕಾರರಿಗೆ ಅದಕ್ಕಿಂತ ದೊಡ್ಡ ಬಾಗಿಲು ಬೇಡ.

ಮಳೆ ಬಾರದಿದ್ದರೆ ಊರಿನವರು ಗೊಂಬೆಯಾಟ ಆಡಿಸುತ್ತಿದ್ದರು. ಮಳೆಗಾಗಿ ಹಾಡುವ ಕುಟುಂಬಕ್ಕೆ ಸ್ವಂತ ಹೊಲವೇ ಇಲ್ಲದಿದ್ದರೆ? ಇದನ್ನು ಹಾಗೆಯೇ ನಿಮಗೆ ಕೊಡುತ್ತಿದ್ದೇನೆ, ತೆಗೆದುಕೊಳ್ಳಿ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಬಂತು. ಗೊಂಬೆಯಾಡಿಸುವವರು ಎಂದೊಡನೆ ಗಂಡಸರನ್ನೇ ಎಣಿಸುವ ನಮ್ಮ ಅಭ್ಯಾಸವನ್ನು ಆ ಅಜ್ಜಿ ಒಬ್ಬರೇ ಮುರಿಯುತ್ತಾರೆ. ಬೆಂಗಳೂರಿಗೆ ಹೋದರೆ ಚಿತ್ರಕಲಾ ಪರಿಷತ್ತಿನಲ್ಲಿರುವ ತೊಗಲುಗೊಂಬೆಗಳನ್ನು ನೋಡಿ, ಎಂ. ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ಸುತ್ತಿ ಕಲೆಹಾಕಿದ ಸಂಗ್ರಹ.

ಕಲಾವಿದರ ಮನೆಗೆ ಹೋಗುವಾಗ ಕಾದಂಬರಿಗಾಗಿ ಬಂದಿದ್ದೇನೆ ಎಂದು ಮೊದಲೇ ಹೇಳಿ. ಅವರ ದಿನಗೂಲಿ ಹೋಗುತ್ತದೆ, ಆದ್ದರಿಂದ ಸಂಭಾವನೆ ಕೊಡಿ. ಬರೆಯಬಾರದು ಎಂದದ್ದನ್ನು ಹೆಸರು ಬದಲಿಸಿಯೂ ಬರೆಯಬೇಡಿ. ನಮ್ಮ ಜನರ ಕಥೆ ಕೇಳಿಕೊಂಡು ಹೋದವರು ಆಮೇಲೆ ಪುಸ್ತಕದ ಒಂದು ಪ್ರತಿಯನ್ನೂ ಕಳುಹಿಸದ ಉದಾಹರಣೆಗಳನ್ನು ಕಂಡಿದ್ದೇನೆ, ಅದಕ್ಕಾಗಿ ಇಷ್ಟು ಖಾರವಾಗಿ ಹೇಳುತ್ತಿದ್ದೇನೆ.

ಡೊಂಬಿವಲಿಯಿಂದ ಮತ್ತೆ

ಎಲ್ಲರಿಗೂ ಮನಸಾರೆ ವಂದನೆ. ಕರ್ಕಿಯ ಮೇಳ ನನ್ನ ಮೊದಲ ಪುಸ್ತಕಕ್ಕೆ ಬಹಳ ದೊಡ್ಡದು, ಅದನ್ನು ಹೊರುವ ಶಕ್ತಿ ಬರಲಿ. ಸದ್ಯಕ್ಕೆ ಗೊಂಬೆಯ ಸೀರೆ ಹೊಲಿಯುವ ಹೆಂಗಸನ್ನು ಬಿಡಲಾರೆ. ಅವಳ ಬಾಯಲ್ಲೇ ಕಥೆ ಹೇಳಿಸುತ್ತೇನೆ, ಅಧ್ಯಾಯಕ್ಕೊಂದು ಗೊಂಬೆಯ ಬಟ್ಟೆ. ಮುಂದಿನ ದೀರ್ಘ ವಾರಾಂತ್ಯಕ್ಕೆ ಕುಡಾಳದ ಟಿಕೆಟ್ ನೋಡುತ್ತಿದ್ದೇನೆ. ಪುಣೆಯ ಅಕ್ಕ, ಪಿಂಗುಳಿಯಲ್ಲಿ ಹೆಂಗಸರೊಡನೆ ಕುಳಿತು ಮಾತಾಡಲು ಯಾವ ಹೊತ್ತು ಒಳ್ಳೆಯದು, ಮತ್ತು ಅಲ್ಲಿನ ಆಡುಮಾತು ಮಾಲವಣಿ ನನಗೆ ಅರೆಬರೆ, ಅಷ್ಟು ಸಾಕಾದೀತೇ, ಇಷ್ಟನ್ನು ದಯವಿಟ್ಟು ತಿಳಿಸಿ.