ಮುಟ್ಟಿನ ನೋವು, ಗರ್ಭನಿರೋಧಕ ಮಾತ್ರೆ: ಡಾಕ್ಟರನ್ನು ಕೇಳಿ (ಹಾಸನ–ಚಿಕ್ಕಮಗಳೂರು ಮಹಿಳೆಯರ ಗುಂಪು)

ಮೂಡಿಗೆರೆ ಸದಸ್ಯೆ: ನಮಸ್ತೆ ಮೇಡಂ. ಮಗಳಿಗೆ 19. ಮುಟ್ಟಿನ ಹೊಟ್ಟೆನೋವಿಗೆ ಎರಡು ವರ್ಷ ಗರ್ಭನಿರೋಧಕ ಮಾತ್ರೆ ಕೊಟ್ಟಿದ್ದರು. ಆರಾಮಾಗಿದ್ದಳು. ನಿಲ್ಲಿಸಿ ಐದು ತಿಂಗಳಾಯ್ತು, ಈಗ ನೋವು ಮೊದಲಿಗಿಂತ ಜೋರು. ಎಂಡೊಮೆಟ್ರಿಯೋಸಿಸ್ ಇರಬಹುದು ಅಂತಾರೆ. ಮಾತ್ರೆಯಿಂದಲೇ ಬಂತು ಅಂತ ನಮ್ಮತ್ತೆ ದಿನಾ ಬೈತಾರೆ. ಮಾತ್ರೆ ಬಿಟ್ಟವರಲ್ಲಿ ಇದು ಜಾಸ್ತಿ ಅಂತ ನಾನೂ ಓದಿದೆ. ನಿಜಾನಾ?

ಡಾಕ್ಟರ್: ಮುಟ್ಟಿನ ದಿನ ಮೋಷನ್‌ಗೆ ಹೋಗುವಾಗ ನೋವಿದೆಯಾ? ಕಾಲೇಜು ತಪ್ಪುತ್ತಾ?

ಮೂಡಿಗೆರೆ: ಹೌದು ಮೇಡಂ. ಬಾತ್‌ರೂಮಿನ ನಲ್ಲಿ ಹಿಡಿದುಕೊಂಡು ಕೂತಿರುತ್ತಾಳೆ. ತಿಂಗಳಿಗೆ ಮೂರು ದಿನ ಬಸ್ಸು ಹತ್ತಲ್ಲ. ಸ್ಕ್ಯಾನಿಂಗ್ ನಾರ್ಮಲ್.

ಡಾಕ್ಟರ್: ನೀವು ಓದಿದ್ದು ಸುಳ್ಳಲ್ಲ, ಅರ್ಧ ಅಷ್ಟೇ. ಅಧ್ಯಯನಗಳಲ್ಲಿ ಮಾತ್ರೆ ತಗೊಳ್ಳುತ್ತಿರುವವರಲ್ಲಿ ಈ ಕಾಯಿಲೆ ಕಡಿಮೆ, ಹಿಂದೆ ತಗೊಂಡು ಬಿಟ್ಟವರಲ್ಲಿ ಜಾಸ್ತಿ ಕಾಣುತ್ತೆ. ಆದರೆ ಮಾತ್ರೆ ಶುರು ಮಾಡಿದ್ದೇ ನೋವಿತ್ತು ಅಂತ ತಾನೇ? ಗರ್ಭಕೋಶದ ಒಳಪದರದಂಥದ್ದು ಹೊರಗೆ, ಅಂಡಾಶಯ, ಕರುಳಿನ ಹತ್ತಿರ ಬೆಳೆಯುವ ಕಾಯಿಲೆ ಇದು. ಮಾತ್ರೆ ಅದನ್ನು ಹತೋಟಿಯಲ್ಲಿಡುತ್ತೆ, ಕಿತ್ತುಹಾಕಲ್ಲ. ಬಿಟ್ಟ ಮೇಲೆ ನೋವು ಮರಳುತ್ತೆ, ಆಗ ಪರೀಕ್ಷೆ ಮಾಡಿಸುತ್ತಾರೆ, ಆಗ ಹೆಸರು ಗೊತ್ತಾಗುತ್ತೆ. ಮಾತ್ರೆಯೇ ತಂದಿತು ಅಂತ ಇದರಿಂದ ಹೇಳಲಾಗಲ್ಲ. ನಿಮ್ಮ ಅತ್ತೆಗೂ ಇದನ್ನೇ ಹೇಳಿ.

ನನಗೆ ಯೋಚನೆ ಆಗಿರುವುದು ಆ ಮೋಷನ್ ನೋವು. ಸ್ಕ್ಯಾನಿಂಗ್ ನಾರ್ಮಲ್ ಅಂತ ಸುಮ್ನೆ ಕೂರಬೇಡಿ. ಚಾಕೊಲೇಟ್ ಸಿಸ್ಟ್, ಅಂದರೆ ಈ ಕಾಯಿಲೆಯಲ್ಲಿ ಅಂಡಾಶಯದೊಳಗೆ ಹಳೇ ರಕ್ತ ತುಂಬಿ ಆಗುವ ಗುಳ್ಳೆ, ಅದರಲ್ಲಿ ಕಾಣುತ್ತೆ, ಕಾಯಿಲೆಯ ಸಣ್ಣ ಚುಕ್ಕೆಗಳು ಕಾಣಲ್ಲ. ಎಷ್ಟೋ ಜನರಿಗೆ ಕಾಯಿಲೆ ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಸ್ತ್ರೀರೋಗ ತಜ್ಞರಿಗೆ ನಾಚಿಕೆ ಬಿಟ್ಟು ಎಲ್ಲ ಹೇಳಿ. ಮತ್ತೆ ಅದೇ ಮಾತ್ರೆಯೋ, ಈ ಕಾಯಿಲೆಗೆ ಕೊಡುವ ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆಯೋ, ಅವರು ನೋಡಿ ಬರೆಯುತ್ತಾರೆ. ತಲೆನೋವಿನ ಜೊತೆ ಕಣ್ಣೆದುರು ಮಿಂಚು ಬರುತ್ತಾ, ಮನೆಯಲ್ಲಿ ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಅದನ್ನೂ ಹೇಳಿ.

ಅರಸೀಕೆರೆ: ಮಾತ್ರೆಯಿಂದ ಈ ಕಾಯಿಲೆ ಬರುತ್ತಾ ಮೇಡಂ?

ಡಾಕ್ಟರ್: ಮೇಲೆ ಇದೆ.

ಬೇಲೂರು: ಫಾರ್ವರ್ಡ್: ಹೊಕ್ಕುಳಿಗೆ ಹರಳೆಣ್ಣೆ, ಬೆಳಿಗ್ಗೆ ಮೆಂತ್ಯದ ನೀರು. 21 ದಿನದಲ್ಲಿ ಚಾಕೊಲೇಟ್ ಸಿಸ್ಟ್ ಮಾಯ!! ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಮೆಂತ್ಯ ದೋಸೆ ಹಿಟ್ಟಿಗೆ ಹಾಕಿ. ಈ ವಾರ ಇದು ಮೂರನೇ ಸಲ.

ಸಕಲೇಶಪುರ: ಹಾಸನಾಂಬೆ ದರ್ಶನಕ್ಕೆ ಅಂತ ಮೆಡಿಕಲ್‌ನಲ್ಲಿ ಮುಟ್ಟು ಮುಂದೂಡುವ ಮಾತ್ರೆ ತಗೊಂಡೆ. ಅದೂ ಇದೇನಾ?

ಡಾಕ್ಟರ್: ಅಲ್ಲ. ಅದು ಸಾಮಾನ್ಯವಾಗಿ ನಾರೆಥಿಸ್ಟೆರಾನ್ ಅನ್ನೋ ಹಾರ್ಮೋನ್ ಮಾತ್ರೆ. ಗರ್ಭ ತಡೆಯುತ್ತೆ ಅಂತ ನಂಬಬೇಡಿ. ಚೀಟಿ ಇಲ್ಲದೆ ತಗೊಳ್ಳಲೂ ಬೇಡಿ.

ಹೊಳೆನರಸೀಪುರ: ಮದುವೆ ಮಾಡಿ, ಒಂದು ಮಗು ಆದರೆ ಎಲ್ಲ ಸರಿಹೋಗುತ್ತೆ. ಅನುಭವದಿಂದ ಹೇಳ್ತಿದ್ದೀನಿ.

ಕಡೂರು: ಅಕ್ಕಾ, ನನಗೆ ಎರಡು ಮಕ್ಕಳು. ನೋವು ಹಾಗೇ ಇದೆ.

ಹೊಳೆನರಸೀಪುರ: ನಿಮ್ಮದು ಬೇರೆ ಏನೋ ಇರಬೇಕು.

ಕಡೂರು: ಓ, ನೀವೂ ಡಾಕ್ಟರಾ? ಗೊತ್ತಿರಲಿಲ್ಲ.

ಚನ್ನರಾಯಪಟ್ಟಣ: ಆಶಾ ಅಕ್ಕ ಛಾಯಾ ಅನ್ನೋ ಗರ್ಭನಿರೋಧಕ ಮಾತ್ರೆ ಕೊಟ್ಟಿದ್ದಾರೆ. ಒಂದು ವಾರ ಮರೆತೆ, ಏನು ಮಾಡಲಿ?

ಬೇಲೂರು: ಡಾಕ್ಟರಿಗೆ ಆಯುರ್ವೇದ ಅಂದರೆ ಆಗಲ್ಲ, ಬಿಡಿ.

ಡಾಕ್ಟರ್: ಆಯುರ್ವೇದ ಓದಿದ ವೈದ್ಯರ ಹತ್ತಿರ ಹೋಗಿ ತೋರಿಸಿ, ನನ್ನ ತಕರಾರಿಲ್ಲ. ಈ ಫಾರ್ವರ್ಡ್ ಬರೆದವರು ಯಾರು, ಅದು ಹೇಳಿ ಮೊದಲು.

ಅರಸೀಕೆರೆ: ಮೇಲೆ ಎಲ್ಲಿದೆ ಮೇಡಂ? ಸಿಗ್ತಿಲ್ಲ.

ಡಾಕ್ಟರ್: ಓಪಿಡಿಗೆ ಹೊರಟೆ. ಮೂಡಿಗೆರೆಯವರೇ, ಸೋಮವಾರವೇ ಕರೆದುಕೊಂಡು ಹೋಗಿ. ಮುಂದಿನ ಮುಟ್ಟಿನ ತನಕ ಕಾಯಬೇಡಿ.

ಚನ್ನರಾಯಪಟ್ಟಣ: ಮೇಡಂ, ಛಾಯಾ ಬಗ್ಗೆ ಕೇಳಿದ್ದೆ...